ಅಮ್ಮನಿಗೆ ಅಕ್ಷರ ಕಲಿಸಿದ ವರ್ಷ

ಸೀಮೆಸುಣ್ಣದ ವಾಸನೆ ಬಡಿದರೆ ನಾನು ಇವತ್ತಿಗೂ ಮೂಗು ಮುಚ್ಚಿಕೊಳ್ಳುತ್ತೇನೆ. ಸೋಲದೇವನಹಳ್ಳಿ ಕಡೆಯ ಕಾಲೇಜೊಂದರಲ್ಲಿ ಪಾಠ ಮಾಡಿಯೇ ಹೊಟ್ಟೆ ಹೊರೆಯುತ್ತಿರುವವಳು ಇಂಥ ಮಾತು ಬರೆಯಬಾರದು, ಗೊತ್ತಿದೆ. ನಮ್ಮ ಕಾಲೇಜಿಗೆ ಬಿಳಿ ಹಲಗೆ, ಮಾರ್ಕರ್ ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನೇ. ಡಸ್ಟ್ ಅಲರ್ಜಿ ಇರಬೇಕು ಅಂದುಕೊಂಡರು ಪಕ್ಕದವರು. ಹೌದೆಂದು ತಲೆಯಾಡಿಸಿದೆ. ನಮ್ಮ ಮನೆಯ ಪಡಸಾಲೆಯ ಕಥೆಯನ್ನೆಲ್ಲ ಅಲ್ಲಿ ಕೂತು ಹೇಳಲು ಆಗುತ್ತದೆಯೇ? ಇಲ್ಲಿ ಹೇಳುತ್ತೇನೆ. ಹೇಳುವಾಗ ಸಿಟ್ಟು ಬಂದರೆ ಬರಲಿ.

ಅಟ್ಟೂರಿನಲ್ಲಿ ಆ ಮನೆಯಿದ್ದ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಪಿಜಿ ನಿಂತಿದೆ. ಆಗ ಅದು ಹೆಂಚಿನ ಮನೆ. ಊರಿನ ಹೊಲಗಳೆಲ್ಲ ಲೇಔಟ್ ಆಗಿ ಸೈಟಿನ ಕಲ್ಲುಗಳು ಎದ್ದಿದ್ದರೂ ನಮ್ಮ ಬೀದಿಯಲ್ಲಿ ಇನ್ನೂ ಎಮ್ಮೆ ಕಟ್ಟುತ್ತಿದ್ದರು. ಮುಂದೆ ಪಡಸಾಲೆ, ಹಿಂದೆ ಅಡಿಗೆಮನೆ, ಪಕ್ಕದಲ್ಲಿ ಬಚ್ಚಲಿಗೆ ಹೋಗುವ ಸಂದು. ಪಡಸಾಲೆಯ ಒಂದು ಗೋಡೆಯನ್ನು ಅಪ್ಪ ಮೇಲಿಂದ ಕೆಳತನಕ ಕಪ್ಪು ಬಣ್ಣ ಬಳಿದು ಕರಿಹಲಗೆ ಮಾಡಿದ್ದ. ಅಪ್ಪ ಯಲಹಂಕ ಉಪನಗರದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಊರಿಗೆಲ್ಲ ಮೇಷ್ಟ್ರು, ಹೆತ್ತ ತಾಯಿಗೂ ಮೇಷ್ಟ್ರು. ಸಂಜೆಯಾದರೆ ಬೀದಿಯ ಮಕ್ಕಳೆಲ್ಲ ಸ್ಲೇಟು ಹಿಡಿದು ಮನೆಪಾಠಕ್ಕೆ ಬರುತ್ತಿದ್ದವು. ಎಂಜಲು ಉಗಿದು ಸ್ಲೇಟು ಒರೆಸುತ್ತಿದ್ದವು. ಆ ಎಂಜಲಿನ ವಾಸನೆ, ಒದ್ದೆ ಬಟ್ಟೆಯ ವಾಸನೆ, ಸುಣ್ಣದ ಪುಡಿ, ಇದೆಲ್ಲದರ ನಡುವೆ ಕುರ್ಚಿಯಲ್ಲಿ ಕೂತು ಪೆನ್ನಿನ ಕ್ಯಾಪಿನಿಂದ ಕಿವಿ ಕೆರೆದುಕೊಳ್ಳುತ್ತ ಉಕ್ತಲೇಖನ ಹೇಳುವ ಅಪ್ಪ. ಕ್ಯಾಪನ್ನು ಹೊರತೆಗೆದು ಒಮ್ಮೆ ನೋಡಿ, ಪಂಚೆಗೆ ಒರೆಸಿ, ಮತ್ತೆ ಪೆನ್ನಿಗೆ ಹಾಕುತ್ತಿದ್ದ. ಅದೇ ಪೆನ್ನಿನಿಂದ ನನ್ನ ನೋಟ್ಸಿಗೆ ‘ಉತ್ತಮ’ ಎಂದು ಬರೆಯುತ್ತಿದ್ದ.

ಅಕ್ಷರವೆಂದರೆ ಸರಸ್ವತಿ, ಇದು ಮನೆಯ ಮೊದಲ ಕಾನೂನು. ಹರಿದ ಹಾಳೆಗೆ ಕಾಲು ತಾಗಿದರೂ ಬಗ್ಗಿ ಎತ್ತಿ ಕಣ್ಣಿಗೊತ್ತಿಕೊಳ್ಳಬೇಕು. ಬಜ್ಜಿ ಕಟ್ಟಿಕೊಟ್ಟ ಪೇಪರಿನ ಮೇಲೆ ಕೂರುವಂತಿಲ್ಲ. ಊಟಕ್ಕೆ ಕೂತಾಗ ಅಪ್ಪನ ತಟ್ಟೆಯ ಪಕ್ಕ ಒಂದು ಪುಸ್ತಕ ತೆರೆದಿರಲೇಬೇಕು. ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗುತ್ತ, ಎಡಗೈ ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ತಿರುಗಿಸುತ್ತಿದ್ದ. ಸಾರು ಹಾಳೆಯ ಮೇಲೆ ಸಿಡಿದರೆ ನೆಕ್ಕಿಬಿಡುತ್ತಿದ್ದ. ಸರಸ್ವತಿಗೆ ಅದರಿಂದ ಏನೂ ಬೇಜಾರಾಗುತ್ತಿರಲಿಲ್ಲ ಎಂದು ಕಾಣುತ್ತದೆ. ಅಮ್ಮನ ಹೊಲಿಗೆ ಮಷಿನ್ನಿಗೆ ಮಾತ್ರ ಪಡಸಾಲೆಯಲ್ಲಿ ಜಾಗವಿರಲಿಲ್ಲ. ಬಟ್ಟೆ ಚೂರು, ದಾರದ ತುಂಡು ಪಾಠದ ಜಾಗದಲ್ಲಿ ಬೀಳಬಾರದು. ಅದು ಬಚ್ಚಲ ಸಂದಿನಲ್ಲಿ, ನೀರೊಲೆಯ ಪಕ್ಕದಲ್ಲಿತ್ತು. ಭಾನುವಾರ ಅಮ್ಮ ಅಲ್ಲಿ ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು ಬೀದಿಯವರ ಬ್ಲೌಸು ಹೊಲಿಯುತ್ತಿದ್ದಳು.

ಅಮ್ಮ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಬೆಳಗ್ಗೆ ಕತ್ತಲಿರುವಾಗಲೇ ಎದ್ದು ಎರಡು ಹೊತ್ತಿನ ಅಡಿಗೆ ಮುಗಿಸಿ, ಯಲಹಂಕದ ಹತ್ತಿರ ಕಂಪನಿ ಬಸ್ಸು ಹಿಡಿದು ಯಶವಂತಪುರದ ಆಚೆಗೆ. ಷರಟಿಗೆ ಕಾಲರ್ ಕೂರಿಸುವ ಕೆಲಸ ಅವಳದು. ನಮ್ಮ ಮನೆ ನಡೆಯುತ್ತಿದ್ದದ್ದು ಆ ಕಾಲರುಗಳಿಂದಲೇ. ಖಾಸಗಿ ಶಾಲೆಯ ಸಂಬಳ ಅಪ್ಪನ ಇಸ್ತ್ರಿ ಪಂಚೆಗೂ ಪುಸ್ತಕಕ್ಕೂ ಸರಿಹೋಗುತ್ತಿತ್ತು. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಅಮ್ಮ ಸಂಕೋಚದ ಹೆಂಗಸಲ್ಲ. ಗಂಟಲು ದೊಡ್ಡದು, ನಗು ಇನ್ನೂ ದೊಡ್ಡದು. ಕಂಪನಿಯ ಫ್ಲೋರಿನಲ್ಲಿ ಯಾರು ಯಾರಿಗೆ ಬೈದರು, ಯಾವ ಮ್ಯಾನೇಜರು ಯಾವ ಹೊತ್ತಿನಲ್ಲಿ ನಿದ್ದೆ ಹೊಡೆಯುತ್ತಿದ್ದ ಎಂದು ಅಭಿನಯ ಮಾಡಿ ತೋರಿಸುತ್ತಿದ್ದಳು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಆ ಅಭಿನಯ ನಿಂತಿತು. ಅವಳ ಸೊಂಟ ಹೋಗಿತ್ತು. ಬಸ್ಸಿಳಿದು ಬಂದವಳು ಹೊಸ್ತಿಲು ದಾಟಲು ಗೋಡೆ ಹಿಡಿಯುತ್ತಿದ್ದಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮಷಿನ್ ಬಿಡದೆ ಇದು ಹೋಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಮಷಿನ್ ಬಿಟ್ಟರೆ ಮನೆ ನಡೆಯುವಂತಿರಲಿಲ್ಲ.

ಆ ದಿನಗಳಲ್ಲೇ ಒಂದು ಸಂಜೆ ಅಮ್ಮ ಮುಖ ಅರಳಿಸಿಕೊಂಡು ಬಂದಳು. ಊಟಕ್ಕೆ ಬಡಿಸುತ್ತ ಅಪ್ಪನಿಗೆ ಸುದ್ದಿ ಹೇಳಿದಳು.

“ರೀ, ದಸರಾ ಕಳದ್ಮೇಲೆ ಎರಡು ಹೊಸ ಮಷಿನ್ ಲೈನ್ ಶುರು ಮಾಡ್ತಾರಂತೆ. ಸೂಪರ್‌ವೈಸರ್‌ಗೆ ಒಳಗಿರೋರ್ನೇ ತಗೋತಾರಂತೆ. ನನ್ನೂ ಕೇಳವ್ರೆ.”

“ಕೇಳಿದ್ದಾರೆ,” ಅಪ್ಪ ಪುಸ್ತಕದಿಂದ ತಲೆಯೆತ್ತದೆ ತಿದ್ದಿದ.

“ಆಯ್ತು, ಕೇಳಿದ್ದಾರೆ. ಕೂರೋ ಹಂಗಿಲ್ಲ, ಓಡಾಡ್ಕೊಂಡ್ ಮಾಡೋ ಕೆಲ್ಸ. ಸೊಂಟ ಉಳ್ಕಳತ್ತೆ. ಸ್ಟೈಲ್ ಶೀಟ್ ಓದಕ್ ಬರ್ಬೇಕು, ಬೋರ್ಡ್ ಬರೀಬೇಕು, ಅಷ್ಟೇ. ಗಂಟೆಗೆ ಎಷ್ಟ್ ಪೀಸ್ ಬಂತು, ಕಮ್ಮಿ ಬಂದ್ರೆ ಯಾಕೆ ಅಂತ. ಒಂದಿಪ್ಪತ್ತು ಇಂಗ್ಲಿಷ್ ಪದ ಇರ್ಬೋದು ಕಣ್ರೀ. ಹೇಳ್ಕೊಡ್ತೀರಾ?”

ಅಮ್ಮನಿಗೆ ಓದು ಬರುತ್ತಿರಲಿಲ್ಲ. ಬಸ್ಸನ್ನು ಬಣ್ಣದಿಂದಲೋ ಡ್ರೈವರನ ಮೀಸೆಯಿಂದಲೋ ಗುರುತು ಹಿಡಿಯುತ್ತಿದ್ದಳು. ಮೇಷ್ಟ್ರ ಹೆಂಡತಿಗೆ ಓದು ಬರುವುದಿಲ್ಲ ಎಂಬುದು ಅಪ್ಪನಿಗೆ ಮೈಮೇಲಿನ ಕಜ್ಜಿಯಂತಿತ್ತು, ಮುಚ್ಚಿಕೊಂಡು ಓಡಾಡುತ್ತಿದ್ದ. ಈಗ ಅವನು ಪುಸ್ತಕ ಮುಚ್ಚಿದ. ಅವನ ಕಣ್ಣು ತುಂಬಿಕೊಂಡಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ, ಸುಳ್ಳು ಹೇಳುವುದಿಲ್ಲ.

“ಇಷ್ಟು ವರ್ಷಕ್ಕೆ ನೀನಾಗಿ ಬಾಯಿಬಿಟ್ಟು ಕೇಳಿದೆ. ಯಾಕೆ ಕಲಿಸುವುದಿಲ್ಲ? ಕ್ರಮವಾಗಿ ಕಲಿಸುತ್ತೇನೆ.”

ಒಲೆಯ ಹತ್ತಿರ ಕೂತಿದ್ದ ಅಜ್ಜಿ, ಅಪ್ಪನ ತಾಯಿ, ಸುಮ್ಮನಿರಲಿಲ್ಲ.

“ಇವ್ಳು ಓದಿ ಏನ್ ದಬ್ಬಾಕ್ಬೇಕು? ಸೊಂಟ ನೋವು ಅಂತಾಳೆ, ಪುಸ್ತಕ ಇಡ್ಕಂಡು ಕುಂತ್ರೆ ಓಯ್ತದಾ ಅದು?”

ಆ ಮನೆಯಲ್ಲಿ ಅವತ್ತು ಸರಿಯಾಗಿ ಮಾತಾಡಿದವಳು ಅಜ್ಜಿ ಒಬ್ಬಳೇ ಎಂದು ಈಗ ಅನ್ನಿಸುತ್ತದೆ.

ಕ್ರಮ ಎಂದರೇನು ಎಂದು ಶುಕ್ರವಾರ ಗೊತ್ತಾಯಿತು. ಅಮ್ಮ ಕಂಪನಿಯಿಂದ ಬರುವ ಹೊತ್ತಿಗೆ ಪಡಸಾಲೆ ತುಂಬ ಬೀದಿಯ ಹೆಂಗಸರು ಕೂತಿದ್ದರು. ಸರಸ್ವತಿ ಪಟಕ್ಕೆ ಹಾರ, ಎರಡು ದೀಪ, ತಟ್ಟೆಯ ತುಂಬ ಅಕ್ಕಿ, ಅಕ್ಕಿಯ ಮೇಲೆ ಅರಿಸಿನದ ಕೊಂಬು. ಮೂರು ವರ್ಷದ ಕೂಸಿಗೆ ಮಾಡುವ ಅಕ್ಷರಾಭ್ಯಾಸ. ತಲೆಗೂದಲ ತುಂಬ ಬಟ್ಟೆಯ ನವಿರು ಅಂಟಿಸಿಕೊಂಡು, ಗೋಡೆ ಹಿಡಿದು ನಿಂತಿದ್ದ ಅಮ್ಮನನ್ನು ಅಪ್ಪ ಮುಖ ತೊಳೆಸಿ ಮಣೆಯ ಮೇಲೆ ಕೂರಿಸಿದ. ಅವಳ ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದು ಅಕ್ಕಿಯಲ್ಲಿ ಓಂ ತಿದ್ದಿಸಿದ. ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು, ಆಮೇಲೆ ಕುಂಕುಮ ತಗೊಂಡು ಮೇಷ್ಟ್ರನ್ನು ಹೊಗಳಿದರು. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದರು. ಅಡಿಗೆಮನೆಯಲ್ಲಿ ಅಮ್ಮ ಅದೇ ಅಕ್ಕಿಯನ್ನು ತೊಳೆಯುತ್ತ ನನಗೆ ಹೇಳಿದಳು.

“ಇದೆಲ್ಲಾ ಯಾತಕ್ ಬೇಕಿತ್ತೇ? ಆ ಇಪ್ಪತ್ತು ಪದ ಹೇಳಿದ್ರೆ ಇಷ್ಟೊತ್ತಿಗೆ ಐದಾದ್ರೂ ಬಂದಿರೋದು.”

ಮರುದಿನದಿಂದ ಅಮ್ಮ ಪಡಸಾಲೆಯಲ್ಲಿ, ಮನೆಪಾಠದ ಮಕ್ಕಳ ಹಿಂದಿನ ಸಾಲಿನಲ್ಲಿ, ಸ್ಲೇಟು ಹಿಡಿದು ಕೂತಳು. ಇಡೀ ದಿನ ಕೂತು ಸೊಂಟ ಮುರಿದುಕೊಂಡು ಬಂದವಳನ್ನು ಮತ್ತೆ ನೆಲದ ಮೇಲೆ ಕೂರಿಸುವುದು ಅಪ್ಪನಿಗೆ ತಪ್ಪೆನಿಸಲಿಲ್ಲ. ವಿದ್ಯೆ ನೆಲದ ಮೇಲೆ ಕೂತು ಕಲಿಯುವಂಥದ್ದು. ಅ ಆ ಮುಗಿಯಿತು, ಕಾಗುಣಿತ ಬಂತು. ತಲೆಕಟ್ಟು, ಇಳಿ, ಗುಡಿಸು. ಒಂದೊಂದು ಅಕ್ಷರಕ್ಕೂ ಕಾಪಿ. ದುಂಡಗೆ ಬರೆಯದಿದ್ದರೆ ಒರೆಸಿ ಮತ್ತೆ ಬರೆಸುತ್ತಿದ್ದ. ಅಮ್ಮ ‘ಆಲು’ ಎಂದರೆ ‘ಹಾಲು’ ಎಂದು ಹೊಟ್ಟೆಯಿಂದ ಹೇಳಿಸುತ್ತಿದ್ದ, ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ಅವಳು ತೂಕಡಿಸಿದರೆ ಸೀಮೆಸುಣ್ಣದ ಚೂರು ಹಾರಿ ಬಂದು ಹಣೆಗೆ ತಾಗುತ್ತಿತ್ತು. ಅಪ್ಪ ಯಾರ ಮೇಲೂ ಕೈ ಮಾಡಿದವನಲ್ಲ, ಅದು ಅವನ ಹೆಮ್ಮೆ. ಸುಣ್ಣದ ಚೂರು ಎಸೆಯುವುದು ಹೊಡೆದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಒಂದು ಸಂಜೆ ಮನೆಗೆಲಸ ಬರೆದಿಲ್ಲವೆಂದು ಅಷ್ಟು ಮಕ್ಕಳ ಮುಂದೆ ಅಮ್ಮನನ್ನು ಎದ್ದು ನಿಲ್ಲಿಸಿದ. ಅವಳ ಮನೆಗೆಲಸ ಯಾವುದು? ಆ ಹೊತ್ತಿಗೆ ಅವಳು ರಾತ್ರಿಯ ಮುದ್ದೆಗೆ ಎಸರಿಟ್ಟು ಬಂದಿದ್ದಳು. ನನ್ನ ಹೆತ್ತವಳು ಗೋಡೆಗೊರಗಿ ನಿಂತಿದ್ದಾಳೆ, ನನ್ನ ಜೊತೆ ಕುಂಟೆಬಿಲ್ಲೆ ಆಡುವ ಮಕ್ಕಳು ಅವಳನ್ನು ತಿರುಗಿ ತಿರುಗಿ ನೋಡುತ್ತಿವೆ. ನನಗೆ ಅಪ್ಪನನ್ನು ಕಂಡು ಅಸಹ್ಯವಾದದ್ದು ಅವತ್ತೇ ಮೊದಲು. ಅಸಹ್ಯ ಎಂಬ ಮಾತು ಆಗ ಗೊತ್ತಿರಲಿಲ್ಲ, ಬಾಯಲ್ಲಿ ಹುಳಿ ನೀರು ಬಂದದ್ದು ಗೊತ್ತು.

ಅಮ್ಮ ಮತ್ತೆ ಮತ್ತೆ ಕೇಳಿದಳು.

“ರೀ, ಈ ಸೈಜಿನ ಎಲ್ಲು, ಎಕ್ಸೆಲ್ಲು ಯಾವಾಗ ಹೇಳ್ಕೊಡ್ತೀರಾ? ದಸರಾ ಹತ್ರ ಬಂತು.”

“ಮೊದಲು ಕನ್ನಡ ಶುದ್ಧವಾಗಲಿ. ಒತ್ತಕ್ಷರವೇ ಬಂದಿಲ್ಲ, ಆಗಲೇ ಇಂಗ್ಲಿಷ್ ಎನ್ನುತ್ತೀಯ.”

“ಬೋರ್ಡಲ್ಲಿ ಒತ್ತಕ್ಷರ ಇರಲ್ಲ ಕಣ್ರೀ.”

“ನಾನು ಬೋರ್ಡಿಗಾಗಿ ಕಲಿಸುತ್ತಿಲ್ಲ.”

ಆ ಮಾತನ್ನು ಅವನು ಹೆಮ್ಮೆಯಿಂದಲೇ ಹೇಳಿದ. ಅವನು ಯಾವುದಕ್ಕೆ ಕಲಿಸುತ್ತಿದ್ದ ಎಂದು ಅಮ್ಮ ಕೇಳಲಿಲ್ಲ. ಕಷ್ಟಪಟ್ಟು ಒಂದು ದಾರಿ ಹುಡುಕಿದಳು. ತನ್ನ ಲೈನಿನ ಸೂಪರ್‌ವೈಸರನ್ನು ಕಾಡಿಬೇಡಿ ಹಳೆಯದೊಂದು ಸ್ಟೈಲ್ ಶೀಟು ಪಡೆದು, ಊಟದ ಡಬ್ಬಿಯ ಚೀಲದಲ್ಲಿ ಬಚ್ಚಿಟ್ಟುಕೊಂಡು ತಂದಳು. ಗೇಟಿನಲ್ಲಿ ಸೆಕ್ಯುರಿಟಿಯವರು ಚೀಲ ತಡಕುತ್ತಾರೆ, ಸಿಕ್ಕಿಬಿದ್ದಿದ್ದರೆ ಕೆಲಸವೇ ಹೋಗುತ್ತಿತ್ತು. ಷರಟಿನ ಚಿತ್ರ, ಚಿತ್ರದ ಸುತ್ತ ಬಾಣದ ಗುರುತು, ಪ್ರತಿ ಬಾಣದ ತುದಿಯಲ್ಲಿ ಇಂಗ್ಲಿಷ್ ಮಾತು, ಕೆಳಗೆ ಅಳತೆ. ಅವಳು ಅದನ್ನು ಅಪ್ಪನ ಮುಂದೆ ಬಿಡಿಸಿಟ್ಟು, ಬೆರಳಿಟ್ಟು ತೋರಿಸಿದಳು. ಇದು ಕಾಲರ್, ಇದು ಕಫ್, ಇದೇನೋ ಗೊತ್ತಿಲ್ಲ, ಇದನ್ನೇ ಹೇಳಿಕೊಡಿ. ಅಪ್ಪ ಮಷಿನ್ನಿನ ಎಣ್ಣೆ ಹತ್ತಿದ್ದ ಆ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಓದಿದ.

“ಇದು ಭಾಷೆಯೇ? ಕರ್ತೃವಿಲ್ಲ, ಕ್ರಿಯಾಪದವಿಲ್ಲ. ಇಂಥದ್ದು ಮನೆಯೊಳಗೆ ತರಬೇಡ. ತಲೆ ಕೆಡುತ್ತದೆ.”

ಹಾಗೆಂದವನು ಎದ್ದು ಸಂದಿಗೆ ಹೋಗಿ ಹಾಳೆಯನ್ನು ನೀರೊಲೆಗೆ ಹಾಕಿದ. ಅದು ಒಮ್ಮೆ ಸುರುಟಿಕೊಂಡು ಉರಿಯಿತು. ಅಮ್ಮ ಸಂದಿನ ತುದಿಯಲ್ಲಿ ನಿಂತು ನೋಡಿದಳು. ಅಪ್ಪ ಪಡಸಾಲೆಗೆ ವಾಪಸು ಬರುವಾಗ ಯಾವುದೋ ಮಗುವಿನ ಮಗ್ಗಿ ಪುಸ್ತಕ ಅವನ ಕಾಲಿಗೆ ತಾಗಿತು. ಬಗ್ಗಿ ಎತ್ತಿ, ಎರಡೂ ಕಣ್ಣಿಗೆ ಒತ್ತಿಕೊಂಡು, ಜೋಪಾನವಾಗಿ ಗೂಡಿನಲ್ಲಿಟ್ಟ. ಆಮೇಲೆ ಪಾಠ ಮುಂದುವರಿಯಿತು.

ಅಮ್ಮನ ಪಕ್ಕದ ಮಷಿನ್ನಿನವಳು ಶಾಂತವ್ವ, ಗದಗಿನ ಕಡೆಯವಳು. ಗಂಡ ಯಾವುದೋ ಫ್ಯಾಕ್ಟರಿಯಲ್ಲಿ ವಾಚ್‌ಮನ್, ಯಲಹಂಕದಲ್ಲಿ ಬಾಡಿಗೆ ಮನೆ. ಶಾಂತವ್ವನೂ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ದಸರಾ ಹತ್ತಿರವಾದಾಗ ಒಂದು ಭಾನುವಾರ, ಅಪ್ಪ ಹೊರಗೆ ಹೋಗಿದ್ದ ಹೊತ್ತಿನಲ್ಲಿ, ಅವಳು ಕೈಯಲ್ಲೊಂದು ಗಂಟು ಹಿಡಿದು ಮನೆಗೆ ಬಂದಳು. ಪಡಸಾಲೆಯಲ್ಲೇ ಕೂತು ಗಂಟು ಬಿಚ್ಚಿದಳು. ಒಳಗೆ ಕಾಲರಿನ ಹಿಂದೆ ಹೊಲಿಯುವ ಸೈಜಿನ ಲೇಬಲ್ಲುಗಳು, ಕಂಪನಿಯಲ್ಲಿ ಗುಡಿಸಿ ಎಸೆಯುವಂಥವು, ಮತ್ತೆ ಕಫ್ಫು, ಜೇಬು, ಪಟ್ಟಿಗಳ ವೇಸ್ಟ್ ತುಂಡು. ಒಂದೊಂದು ತುಂಡಿನ ಮೇಲೂ ಅದರ ಇಂಗ್ಲಿಷ್ ಹೆಸರನ್ನು ಯಾರೋ ಪೆನ್ನಿನಲ್ಲಿ ದಪ್ಪಗೆ ಬರೆದುಕೊಟ್ಟಿದ್ದರು.

“ಅಕ್ಕಾ, ಹೆದರಬ್ಯಾಡ್ರಿ. ಚೆಕಿಂಗಿನ ಹುಡುಗಿ ನನಗ ಊಟದ ಹೊತ್ತಿನ್ಯಾಗ ಹಿಂಗ ಕಲಿಸ್ಯಾಳ. ಲೈನ್ ಎರಡು ಅದಾವ, ಇಬ್ರಿಗೂ ಸಿಗತೈತಿ. ಇವತ್ತೊಂದಿನ ಕುಂತ್ರ ಸಾಕು.”

ಇಬ್ಬರೂ ಇಸ್ಪೀಟು ಹರಡಿದಂತೆ ಆ ತುಂಡುಗಳನ್ನು ನೆಲದ ತುಂಬ ಹರಡಿಕೊಂಡರು. ಶಾಂತವ್ವ ಹೆಸರು ಕೂಗುತ್ತಿದ್ದಳು, ಅಮ್ಮ ತುಂಡು ಎತ್ತುತ್ತಿದ್ದಳು. ತಪ್ಪಾದರೆ ಇಬ್ಬರೂ ಹೋ ಎಂದು ನಗುತ್ತಿದ್ದರು. ಅಮ್ಮನ ಆ ನಗುವನ್ನು ಕೇಳಿ ತಿಂಗಳುಗಳಾಗಿದ್ದವು. ನಾನೂ ಹೋಗಿ ಸೇರಿಕೊಂಡೆ. ನೋಡನೋಡುತ್ತಿದ್ದಂತೆ ಅವಳಿಗೆ ಅರ್ಧಕ್ಕರ್ಧ ಬಂದುಬಿಟ್ಟಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ. ಸರಸ್ವತಿ ಪಟದ ಕೆಳಗೆ, ಕರಿಹಲಗೆಯ ಬುಡದಲ್ಲಿ, ನೆಲದ ತುಂಬ ಬಟ್ಟೆ ಚೂರು. ಅವನು ಕೂಗಾಡಲಿಲ್ಲ. ಹುಟ್ಟಿದಾರಭ್ಯ ಪೊರಕೆ ಮುಟ್ಟದವನು ಅವತ್ತು ಮೂಲೆಯಿಂದ ಪೊರಕೆ ತಂದು, ಇಬ್ಬರೂ ಕೂತಿರುವಂತೆಯೇ ಅವರ ಸುತ್ತ ಗುಡಿಸಿದ.

“ಈ ಮನೆಯಲ್ಲಿ ವಿದ್ಯೆ ಹೇಳಿಕೊಡುವವನು ನಾನಿದ್ದೇನೆ.”

ಶಾಂತವ್ವ ಎದ್ದು ಸೀರೆ ಕೊಡವಿಕೊಂಡಳು.

“ನಿಮ್ಮ ಮನ್ಯಾಗ ವಿದ್ಯಾ ಭಾಳ ಐತ್ರಿ ಸರ. ಕಾಲಿಡಾಕ ಜಾಗ ಇಲ್ಲ. ಬರ್ತೀನ್ರಿ ಅಕ್ಕಾ.”

ಶಾಂತವ್ವನ ಮನೆಗೇ ಹೋಗಿ ಕಲಿಯಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅಮ್ಮ ಹೊರಟಿದ್ದಳು ಕೂಡ. ಅವತ್ತು ಸಂಜೆ ಅಪ್ಪ ಊಟ ಬಿಟ್ಟ. ನಮ್ಮ ಮನೆಯಲ್ಲಿ ಅದೊಂದು ಪದ್ಧತಿ, ಅಪ್ಪನಿಗೆ ನೋವಾದರೆ ಅವನು ತಟ್ಟೆ ಸರಿಸಿ ಗೋಡೆಯ ಕಡೆ ಮುಖ ಮಾಡಿ ಮಲಗುವುದು. ಅವನು ಉಣ್ಣದೆ ಅಜ್ಜಿ ಉಣ್ಣುವುದಿಲ್ಲ, ಅಜ್ಜಿ ಉಣ್ಣದೆ ಅಮ್ಮ ಉಣ್ಣುವಂತಿಲ್ಲ. ಮಾಡಿದ ಮುದ್ದೆ ಒಣಗಿ ಬಿರುಕು ಬಿಟ್ಟಿತು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ದೇವರಂಥ ಗಂಡನನ್ನು ಹಸಿವಿಗೆ ಕೆಡವಿದ್ದೀಯ ಎಂದು ಅಮ್ಮನಿಗೆ ಬುದ್ಧಿ ಹೇಳಿದರು. ಕೊನೆಗೆ ಅಮ್ಮ ಸ್ಲೇಟು ಹಿಡಿದು ಬಂದು ಹಿಂದಿನ ಸಾಲಿನಲ್ಲಿ ಕೂತಳು. ಅಪ್ಪ ಎದ್ದು ಕೈತೊಳೆದು ಹೊಟ್ಟೆತುಂಬ ಉಂಡ. ಡರ್ರೆಂದು ತೇಗಿದ. ಆ ತೇಗು ಈಗಲೂ ನನ್ನ ಕಿವಿಯಲ್ಲಿದೆ, ನೆನೆದರೆ ಮೈ ಉರಿಯುತ್ತದೆ.

ದಸರಾ ಕಳೆದ ಮೇಲೆ ಕಂಪನಿಯಲ್ಲಿ ಪರೀಕ್ಷೆಯಾಯಿತು. ಫ್ಲೋರಿನಲ್ಲೇ, ಎಲ್ಲರೆದುರಿಗೆ. ಮ್ಯಾನೇಜರ್ ಕೈಗೊಂದು ಶೀಟು ಕೊಟ್ಟು ಓದು ಎಂದರಂತೆ. ಅಮ್ಮ ಕಲಿತ ಒಂದು ಅಕ್ಷರವೂ ಅದರಲ್ಲಿರಲಿಲ್ಲ. ಆಮೇಲೆ ಬೋರ್ಡಿನ ಮೇಲೆ, ಈ ಗಂಟೆ ಪೀಸು ಯಾಕೆ ಕಡಿಮೆಯಾಯಿತು ಬರಿ ಎಂದರಂತೆ. ಅದನ್ನು ನೋಡುವವರು ತಮಿಳಿನ ಮ್ಯಾನೇಜರ್, ಬಟ್ಟೆ ಕೊಳ್ಳುವ ಕಂಪನಿಯ ಪರವಾಗಿ ಬರುವ ಹಿಂದಿಯ ಬೈಯರ್ ಏಜೆಂಟ್. ಅಮ್ಮ ಅಲ್ಲಿ ಕನ್ನಡದಲ್ಲಿ, ತಲೆಕಟ್ಟು ಸಮೇತ, ಒತ್ತಕ್ಷರ ಎಲ್ಲೂ ತಪ್ಪದೆ, ಕರೆಂಟ್ ಹೋಗಿದ್ದರಿಂದ ಉತ್ಪಾದನೆ ಕುಂಠಿತವಾಯಿತು ಎಂದು ಬರೆದಳು. ಆ ‘ಕುಂಠಿತ’ ಎಂಬ ಮಾತು ಅಪ್ಪನದೇ. ಶಾಂತವ್ವನಿಗೆ ಒಂದು ಲೈನ್ ಸಿಕ್ಕಿತು, ಇನ್ನೊಂದು ಇನ್ಯಾರಿಗೋ. ಸಂಜೆ ಅಮ್ಮ ಅಡಿಗೆಮನೆಯಲ್ಲಿ ಇದನ್ನು ನನಗೂ ಅಪ್ಪನಿಗೂ ಒಟ್ಟಿಗೆ ಹೇಳಿದಳು. ಅಳಲಿಲ್ಲ.

“ಅಕ್ಷರ ಮುತ್ತಿನಂಗೈತೆ ಅಂತ ಅಲ್ಲಿದ್ದೋರ್ನೆಲ್ಲಾ ಕರ್ದು ತೋರ್ಸಿದ್ರು. ನಗ್ತಿದ್ರು.”

ಅಪ್ಪನ ಮುಖ ಅರಳಿತು.

“ಮುತ್ತಿನಂತಿದೆ ಎಂದರೇ? ಮ್ಯಾನೇಜರೇ ಎಂದರೇ?”

ಅಮ್ಮ ಒಲೆಯ ಕಡೆ ತಿರುಗಿ ಮುದ್ದೆ ತಿರುವಲು ಕೂತಳು. ಆ ಕ್ಷಣಕ್ಕಿಂತ ಹೇಸಿಗೆಯದೊಂದನ್ನು ನಾನು ಬದುಕಿನಲ್ಲಿ ಕಂಡಿಲ್ಲ. ಅಪ್ಪ ಕೆಟ್ಟವನಲ್ಲ, ಅವನ ಕಾಲವೇ ಹಾಗಿತ್ತು ಎಂದು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕೈ ಬರುವುದಿಲ್ಲ. ಅದೇ ಕಾಲದಲ್ಲಿ ಶಾಂತವ್ವನಿಗೆ ಕಲಿಸಿದ ಚೆಕಿಂಗಿನ ಹುಡುಗಿಯೂ ಇದ್ದಳಲ್ಲ. ಈಗಲಾದರೂ ಏನು ಬದಲಾಗಿದೆ? ನಾನು ಡಿಪ್ಲೊಮಾ ಮಕ್ಕಳಿಗೆ ಕಮ್ಯುನಿಕೇಶನ್ ಎಂಬ ವಿಷಯ ಹೇಳಿಕೊಡುತ್ತೇನೆ. ವ್ಯವಹಾರದ ಪತ್ರಕ್ಕೆ ಎಷ್ಟು ಅಂಗಗಳು ಎಂದು ಅವರು ಬಾಯಿಪಾಠ ಒಪ್ಪಿಸುತ್ತಾರೆ. ಫ್ಯಾಕ್ಟರಿಗೆ ಟ್ರೈನಿಂಗಿಗೆ ಹೋದವರು, ಮೆಷಿನ್ ಕೆಟ್ಟಿದೆ ಎಂದು ಎರಡು ಸಾಲಿನ ಮೇಲ್ ಹಾಕಲು ಬಾರದೆ ನನಗೆ ಫೋನ್ ಮಾಡುತ್ತಾರೆ. ಸಿಲಬಸ್ ಬಿಟ್ಟು ಅದನ್ನೇ ಬರೆಸಲು ಹೋದರೆ ಹಿಂದಿನ ಬೆಂಚಿನಿಂದ ಒಬ್ಬ ಕೇಳುತ್ತಾನೆ, “ಮೇಡಂ, ಇದು ಎಕ್ಸಾಮ್‌ಗೆ ಬರುತ್ತಾ?” ಮುಖ್ಯಸ್ಥರು ಕರೆದು, ಪೋರ್ಷನ್ ಮುಗಿಸಿ ಮೇಡಂ, ಸಾಕು ಎನ್ನುತ್ತಾರೆ. ನನಗೆ ಆ ಕುರ್ಚಿಯಲ್ಲಿ ಅಪ್ಪನೇ ಕೂತಂತೆ ಕಾಣುತ್ತದೆ. ಅಮ್ಮ ಆಮೇಲೆ ಎಷ್ಟೋ ವರ್ಷ ಅದೇ ಮಷಿನ್ನಿನ ಮೇಲೆ ಕೂತಳು. ಈಗ ಸೊಂಟಕ್ಕೆ ಬೆಲ್ಟು ಕಟ್ಟದೆ ಎದ್ದು ನಿಲ್ಲಲಾರಳು.

ಆ ವರ್ಷದ್ದು ಇನ್ನೊಂದಿದೆ, ಅದನ್ನು ಹೇಳಿ ಮುಗಿಸುತ್ತೇನೆ. ಅಪ್ಪನ ಶಾಲೆಯ ವಾರ್ಷಿಕೋತ್ಸವ. ಅಪ್ಪ ಹೆಡ್ಮಾಸ್ಟರ ಹತ್ತಿರ ತಿಂಗಳ ಮೊದಲೇ ಮಾತಾಡಿ, ಸಂಸಾರದ ನಡುವೆ ಅಕ್ಷರ ಕಲಿತ ಗೃಹಿಣಿ ಎಂದು ಅಮ್ಮನಿಗೆ ಸನ್ಮಾನ ಇರಿಸಿದ್ದ. ಗಾರ್ಮೆಂಟ್ಸ್ ಎಂಬ ಮಾತು ಆಹ್ವಾನ ಪತ್ರಿಕೆಯಲ್ಲಿ ಇರಲಿಲ್ಲ. ಅಮ್ಮ ಬರುವುದೇ ಇಲ್ಲ ಎಂದು ಜಗಳವಾಡುತ್ತಾಳೆ ಅಂದುಕೊಂಡಿದ್ದೆ. ಸುಮ್ಮನೆ ಮದುವೆಯ ಸೀರೆ ಉಟ್ಟು, ಹೂ ಮುಡಿದು ಹೊರಟಳು. ಶಾಲೆಯ ಅಂಗಳದಲ್ಲಿ ಶಾಮಿಯಾನ, ಮಡಚುವ ಕುರ್ಚಿಗಳು, ಬಣ್ಣ ಹಚ್ಚಿಕೊಂಡ ಮಕ್ಕಳು, ಒಂದೇ ಸಮನೆ ಕುಯ್ಗುಡುವ ಮೈಕು. ಅಪ್ಪ ಭಾಷಣ ಮಾಡಿದ. ಊರಿಗೆ ಬೆಳಕು ಕೊಡುವವನು ಮೊದಲು ತನ್ನ ಮನೆಯ ಕತ್ತಲು ಕಳೆಯಬೇಕು ಎಂದ. ಮನೆಯ ಕತ್ತಲು ಅವನ ಹಿಂದೆಯೇ ಕುರ್ಚಿಯಲ್ಲಿ, ಸೊಂಟಕ್ಕೆ ಕೈಕೊಟ್ಟು ಕೂತಿತ್ತು. ಜನ ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ಅತಿಥಿಗಳು ಸಹಿ ಮಾಡುವ ದೊಡ್ಡ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, ನಿಮ್ಮ ಹೆಸರು ಬರೆದು ಎರಡು ಮಾತು ಬರೆಯಿರಿ ತಾಯಿ, ಎಲ್ಲರೂ ನೋಡಲಿ ಎಂದರು ಹೆಡ್ಮಾಸ್ಟರು. ಅಪ್ಪ ತನ್ನ ಪೆನ್ನನ್ನೇ ಮುಂದೆ ಹಿಡಿದ. ಅಮ್ಮ ಅದನ್ನು ತೆಗೆದುಕೊಳ್ಳಲಿಲ್ಲ. ಅಪ್ಪನ ಮುಖವನ್ನೂ ನೋಡಲಿಲ್ಲ. ಹೆಡ್ಮಾಸ್ಟರ ಕಡೆ ತಿರುಗಿ ಹೇಳಿದಳು. ಎದುರಿಗೇ ಮೈಕಿತ್ತು.

“ನಂಗ್ ಬರಲ್ಲ ಸಾರ್.”

“ತಮಾಷೆ ಮಾಡುತ್ತಾಳೆ,” ಅಪ್ಪ ನಕ್ಕ. “ಬರಿ, ಹೆದರಬೇಡ. ಬರಿ.”

“ಬರಲ್ಲ ಸಾರ್. ಹೆಬ್ಬೆಟ್ ಒತ್ತೀನಿ. ಇಂಕ್ ಪ್ಯಾಡ್ ಇದ್ರೆ ತರ್ಸಿ.”

ಹೆಡ್ಮಾಸ್ಟರು ಅಪ್ಪನನ್ನು ನೋಡಿದರು, ಅಪ್ಪ ಪುಸ್ತಕವನ್ನು ನೋಡುತ್ತಿದ್ದ. ಕೊನೆಗೆ ಆಯಾ ಆಫೀಸು ರೂಮಿಗೆ ಓಡಿ ಶಾಲೆಯ ಸೀಲಿನ ಪ್ಯಾಡು ತಂದಳು. ಅಮ್ಮ ಎಡಗೈ ಹೆಬ್ಬೆರಳನ್ನು ಪ್ಯಾ‌ಡಿಗೆ ಚೆನ್ನಾಗಿ ಅದ್ದಿ, ಮುಖ್ಯ ಅತಿಥಿಗಳ ಇಂಗ್ಲಿಷ್ ಸಹಿಯ ಕೆಳಗೆ, ಅವಸರವಿಲ್ಲದೆ ಒತ್ತಿದಳು. ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು, ಕಂಬ ಹಿಡಿದು ವೇದಿಕೆಯ ಒಂದೊಂದೇ ಮೆಟ್ಟಿಲಿಳಿದು ನನ್ನ ಹತ್ತಿರ ಬಂದಳು.

“ನಡಿಯೇ ಮನೆಗೆ,” ಎಂದಳು. “ಬೆಳಗ್ಗೆ ಕಂಪನಿ ಬಸ್ಸಿದೆ.”